ಎಡಗಾಲಿನ ಬೆಣೆ

ಷೂ ರಿಪೇರಿಯವನಿಗೆ ಜನರ ಮುಖ ನೆನಪಿರುತ್ತಿರಲಿಲ್ಲ. ಮುಖದಿಂದ ಅವನಿಗೆ ಆಗಬೇಕಾದದ್ದೂ ಏನಿರಲಿಲ್ಲ. ಅಟ್ಟೆ ಎಲ್ಲಿ ಸವೆದಿದೆ ಎಂದು ನೋಡಿದರೆ ಮನುಷ್ಯನ ಯೋಗ್ಯತೆ ತಿಳಿಯಿತು ಎನ್ನುವ ಪೈಕಿ ಅವನು. ಹಿಮ್ಮಡಿಯ ಹೊರ ಅಂಚು ಸವೆದಿದ್ದರೆ ಸೋಮಾರಿ, ಬೆರಳಿನ ಕಡೆ ಸವೆದಿದ್ದರೆ ಅವಸರದ ಪ್ರಾಣಿ, ಎಲ್ಲೂ ಸವೆಯದೆ ಹೊಸದರಂತಿದ್ದರೆ ಇನ್ನೊಬ್ಬರ ಹೆಗಲ ಮೇಲೆ ಬದುಕುವ ಆಸಾಮಿ. ಇದನ್ನೆಲ್ಲ ಗಿರಾಕಿಗಳ ಎದುರು ಹೇಳುತ್ತಿರಲಿಲ್ಲ. ಬಾಯಲ್ಲಿ ಮೊಳೆ ಕಚ್ಚಿಕೊಂಡು ಕೂತವನಿಗೆ ಸುಮ್ಮನಿರಲು ಬೇರೆ ನೆಪ ಬೇಕಿಲ್ಲವಲ್ಲ. ಮನೆಗೆ ಹೋದ ಮೇಲೆ ಹೆಂಡತಿಯ ಮುಂದೆ ಒಬ್ಬೊಬ್ಬರನ್ನೇ ಸುಲಿದು ಹಾಕುತ್ತಿದ್ದ. ಲಾಂಡ್ರಿಯಲ್ಲಿ ದಿನವಿಡೀ ಇಸ್ತ್ರಿ ಹಾಕಿ ಬಂದ ಆಕೆ ಕಾಲು ಚಾಚಿ ಕೂತು, ಹ್ಞೂಂ ಹ್ಞೂಂ ಎನ್ನುತ್ತ ಅರ್ಧ ಕೇಳಿ ಅರ್ಧ ತೂಕಡಿಸುತ್ತಿದ್ದಳು.

ಅವನ ಅಂಗಡಿ ಹಳೆಯ ಕಟ್ಟಡವೊಂದರ ಮೆಟ್ಟಿಲ ಕೆಳಗಿತ್ತು. ಸೂರು ಇಳಿಜಾರು, ನೆಟ್ಟಗೆ ನಿಲ್ಲಲು ಬಾಗಿಲ ಬಳಿ ಎರಡಡಿ ಜಾಗ ಮಾತ್ರ. ಸರಿಯಾಗಿ ಅವನ ತಲೆಯ ಮೇಲೆ, ಮೊದಲ ಮಹಡಿಯಲ್ಲಿ, ಚೀನೀ ಯುದ್ಧಕಲೆ ಕಲಿಸುವ ಹಾಲ್. ಸಂಜೆ ಐದಾಯಿತೆಂದರೆ ಮೇಲೆ ಧಡಧಡ ಶುರುವಾಗುತ್ತಿತ್ತು. ಗಾರೆಯ ಪುಡಿ ಚಹಾದ ಲೋಟಕ್ಕೆ ಉದುರುತ್ತಿತ್ತು. ಅವನು ಬೆರಳಿನಿಂದ ತೆಗೆದು ಒರೆಸಿಕೊಂಡು ಕುಡಿಯುತ್ತಿದ್ದ.

ಮೂವತ್ತು ವರ್ಷ ಆ ಸದ್ದಿನ ಕೆಳಗೆ ಕೂತು ಪಾಠವೆಲ್ಲ ಅವನಿಗೆ ಬಾಯಿಪಾಠವಾಗಿತ್ತು. ಸದ್ದೇ ಇಲ್ಲದಿದ್ದರೆ ಕುದುರೆ ನಿಲುವು. ಕುದುರೆಯಿಲ್ಲದೆ ಕುದುರೆ ಹತ್ತಿದವರ ಹಾಗೆ ಕಾಲು ಅಗಲಿಸಿ, ಮಂಡಿ ಬಗ್ಗಿಸಿ, ಬೆವರಿಳಿಸುತ್ತ ನಿಂತಿರುತ್ತಾರೆ. ಒಟ್ಟಿಗೆ ಒಂದು ಧಡ್ ಎಂದರೆ ಬಿಲ್ಲು ನಿಲುವು. ಮುಂದಿನ ಮಂಡಿ ಬಗ್ಗಬೇಕು, ಹಿಂದಿನ ಕಾಲು ನೆಟ್ಟಗಿರಬೇಕು, ಅದರ ಹಿಮ್ಮಡಿ ನೆಲಕ್ಕೆ ಊರಬೇಕು. ಛಟೀರ್ ಎಂದರೆ ಚಪ್ಪಾಳೆ ಒದೆ. ಕಾಲನ್ನು ಮುಖದ ಎತ್ತರಕ್ಕೆ ಬೀಸಿ, ಪಾದದ ಮೇಲೆ ಅಂಗೈಯಿಂದ ಬಾರಿಸುವುದು. ಹತ್ತು ಛಟೀರ್‌ಗಳಲ್ಲಿ ಎಂಟು ಪಾದಕ್ಕೆ ಬೀಳದೆ ತೊಡೆಗೆ ಬಿದ್ದದ್ದೆಂದು ಅವನಿಗೆ ಕೆಳಗಿನಿಂದಲೇ ಗೊತ್ತಾಗುತ್ತಿತ್ತು. ಪಾದ ಎತ್ತಲಾಗದವರು ತೊಡೆ ತಟ್ಟಿಕೊಂಡು ಸದ್ದು ಮಾಡುತ್ತಿದ್ದರು.

"ಮನೇಲಿ ಕುರ್ಚಿ ಇದೆ, ಆಫೀಸಲ್ಲಿ ಕುರ್ಚಿ ಇದೆ. ಆದ್ರೂ ಕುರ್ಚಿ ಇಲ್ದೆ ಕೂರೋದು ಕಲಿಯೋಕೆ ಇಷ್ಟು ದೂರ ಬರ್ತಾರೆ ನೋಡು" ಎಂದು ಅವನು ಹೆಂಡತಿಗೆ ಹೇಳುತ್ತಿದ್ದ.

ಆ ಹಾಲಿನಲ್ಲಿ ಅವನು ಮರ್ಯಾದೆ ಕೊಡುತ್ತಿದ್ದದ್ದು ಒಬ್ಬರಿಗೆ ಮಾತ್ರ, ಅದನ್ನು ಕಟ್ಟಿದ ಮೇಷ್ಟ್ರಿಗೆ. ಕಡ್ಡಿಯಂಥ ಮನುಷ್ಯ. ಅವರ ಷೂಗಳ ಅಟ್ಟೆ ಎರಡೂ ಕಡೆ ಒಂದೇ ಸಮ, ಅಳೆದಿಟ್ಟ ಹಾಗೆ ಸವೆಯುತ್ತಿತ್ತು. ಅಂಥ ಅಟ್ಟೆಯನ್ನು ಅವನು ಜನ್ಮದಲ್ಲೇ ನೋಡಿರಲಿಲ್ಲ. ಅವರು ಬೀಸಿದ ಒದೆ ಮೇಲೆ ಹೋದದ್ದು ಕಾಣುತ್ತಿರಲಿಲ್ಲ, ಇಳಿದದ್ದು ಕೇಳುತ್ತಿರಲಿಲ್ಲ. ಅಂಥವರಿಗೂ ಒಂದು ಹುಚ್ಚು ಇತ್ತು. ತಾನು ಬೀಳುವ ಮನುಷ್ಯ ಎಂದು ಯಾರಿಗೂ ಗೊತ್ತಾಗಬಾರದು.

ಆದರೆ ಬಿದ್ದರು. ಮನೆಯ ನೀರಿನ ಟ್ಯಾಂಕ್ ತೊಳೆಯಲು ಹೋಗಿ ಏಣಿಯಿಂದ ಜಾರಿ ಎಡ ಪಾದದ ಕೀಲು ಮುರಿದುಕೊಂಡರು. ದೂರದ ಗುಡ್ಡಗಳಲ್ಲಿ ಏಕಾಂತ ಅಭ್ಯಾಸಕ್ಕೆ ಹೋಗುತ್ತೇನೆಂದು ಶಿಷ್ಯರಿಗೆ ಚೀಟಿ ಕಳಿಸಿ, ಮೂರು ತಿಂಗಳು ತಂಗಿಯ ಮನೆಯಲ್ಲಿ ಪ್ಲಾಸ್ಟರ್ ಹಾಕಿಕೊಂಡು ಮಲಗಿದ್ದರು. ತಿರುಗಿ ಬಂದಾಗ ಕೀಲು ಬಿಗಿದುಕೊಂಡಿತ್ತು. ಬಿಲ್ಲು ನಿಲುವಿಗೆ ಹೋದರೆ ಹಿಂದಿನ ಹಿಮ್ಮಡಿ ನೆಲಕ್ಕೆ ಬರುತ್ತಿರಲಿಲ್ಲ. ಒಂದು ಬೆರಳು ದಪ್ಪದಷ್ಟು ಮೇಲೇ ನಿಂತುಬಿಡುತ್ತಿತ್ತು.

ಶಿಷ್ಯರು ನೋಡಿದರು. ಗುಡ್ಡದಿಂದ ಬಂದ ಗುರು ಹಿಮ್ಮಡಿ ಎತ್ತಿದ್ದಾರೆ ಎಂದರೆ ಅದರಲ್ಲಿ ಏನೋ ಇದೆ. ತಿಂಗಳೊಳಗೆ ಹದಿನೆಂಟು ಎಡ ಹಿಮ್ಮಡಿಗಳು ಗಾಳಿಯಲ್ಲಿದ್ದವು. ಒಬ್ಬನಾದರೂ ಕೇಳಬೇಕಲ್ಲ?

ಮೇಷ್ಟ್ರು ಒಂದು ಮಧ್ಯಾಹ್ನ ಅಂಗಡಿಗೆ ಬಂದು ಸ್ಟೂಲಿನ ಮೇಲೆ ಕೂತರು. ಏಣಿಯಿಂದ ಬಿದ್ದದ್ದನ್ನೂ ತಂಗಿಯ ಮನೆಯಲ್ಲಿ ಮಲಗಿದ್ದನ್ನೂ ಹೇಳಿ, ಎಡ ಷೂ ಬಿಚ್ಚಿ ಅವನ ಮುಂದೆ ಇಟ್ಟರು.

"ಒಳಗಡೆ ಹಿಮ್ಮಡಿ ಕೆಳಗೆ ಏನಾದ್ರೂ ಇಡಪ್ಪ. ಹೊರಗಿಂದ ನೋಡಿದ್ರೆ ಕಾಲು ನೆಲಕ್ಕೆ ಊರಿದ ಹಾಗೆ ಕಾಣ್ಬೇಕು. ಆ ಕತ್ತೆಗಳು ನನ್ನ ನೋಡಿ ಕಾಲು ಎತ್ಕೊಂಡು ನಿಂತಿವೆ."

"ಬಿದ್ದೆ ಅಂತ ಹೇಳಿದ್ರೆ ಆಯ್ತಲ್ಲ ಮೇಷ್ಟ್ರೇ."

"ಅದೊಂದು ಮಾತ್ರ ಬೇಡ. ನೀನೂ ಯಾರಿಗೂ ಹೇಳ್ಬಾರ್ದು. ಮಾತು ಕೊಡು."

ಅವನು ಮಾತು ಕೊಟ್ಟ. ಕಾರ್ಕ್ ಕೊಯ್ದು, ಹಿಂದೆ ದಪ್ಪ ಮುಂದೆ ತೆಳು ಬರುವಂತೆ ಉಜ್ಜಿ, ಒಂದು ಬೆಣೆ ಮಾಡಿ, ಒಳ ಅಟ್ಟೆಯ ಕೆಳಗೆ ಅಂಟಿಸಿ ಹೊಲಿದ. ಅಚ್ಚುಕಟ್ಟಾದ ಕೆಲಸ. ಮೇಷ್ಟ್ರ ಷೂ ನೆಲಕ್ಕೆ ಊರಿತು, ಶಿಷ್ಯರ ಹಿಮ್ಮಡಿಗಳೂ ಒಂದೊಂದಾಗಿ ಇಳಿದವು. ಮೇಷ್ಟ್ರು ಇನ್ನೂ ಹನ್ನೊಂದು ವರ್ಷ ಆ ಬೆಣೆಯ ಮೇಲೆ ನಿಂತು ಪಾಠ ಮಾಡಿ, ಒಂದು ಚಳಿಗಾಲ ಜ್ವರ ಬಂದು ತೀರಿಕೊಂಡರು.

ಅವರ ಜಾಗಕ್ಕೆ ಬಂದವನು ಹಿರಿಯ ಶಿಷ್ಯ. ಎಲ್ಲರೂ ಅವನನ್ನು ಹಿರಿಯಣ್ಣ ಎನ್ನುತ್ತಿದ್ದರು. ಹಿಂದೆ ಮನೆಮನೆಗೆ ಹೋಗಿ ನೀರಿನ ಫಿಲ್ಟರ್ ಮಾರುತ್ತಿದ್ದವನು. ಆ ದನಿ ಹೋಗಿರಲಿಲ್ಲ. ಕುದುರೆ ನಿಲುವಿನ ಬಗ್ಗೆ ಹೇಳುವಾಗಲೂ ಹತ್ತು ವರ್ಷದ ಗ್ಯಾರಂಟಿ ಕೊಡುವವನ ಹಾಗೆ ಹೇಳುತ್ತಿದ್ದ. ಅವನ ಷೂಗಳು ಹೊಸದರಂತೆಯೇ ಇರುತ್ತಿದ್ದವು. ಮೈ ಬಗ್ಗಿಸುವುದು ಬಿಟ್ಟು ಬಾಯಿ ಬಗ್ಗಿಸಿ ಬದುಕುವವನ ಷೂ ಇನ್ನು ಹೇಗಿರುತ್ತದೆ? ಗೋಡೆಗೆ ಮೇಷ್ಟ್ರ ಫೋಟೋ ಹಾಕಿದ. ಅದು ಸಾಲದೆ, ಅವರ ತಂಗಿಯ ಮನೆಗೆ ಹೋಗಿ ಹಳೆಯ ಷೂಗಳನ್ನು ಕೇಳಿ ತಂದ. ಗಾಜಿನ ಪೆಟ್ಟಿಗೆಯಲ್ಲಿಡಲು ಧೂಳು ಒರೆಸುವಾಗ ಎಡ ಷೂವಿನ ಒಳ ಅಟ್ಟೆ ಎದ್ದು ಬಂತು. ಕೆಳಗೆ ಬೆಣೆ.

ಮರುದಿನ ಬೆಳಗ್ಗೆ ಅವನು ಆ ಷೂವನ್ನು ರೇಷ್ಮೆ ಬಟ್ಟೆಯಲ್ಲಿ ಸುತ್ತಿಕೊಂಡು ಅಂಗಡಿಗೆ ಬಂದ. ಹಸುಗೂಸನ್ನು ಬಿಚ್ಚುವ ಹಾಗೆ ಬಟ್ಟೆ ಬಿಚ್ಚಿದ.

"ನೋಡಿ. ಇಷ್ಟು ವರ್ಷ ನಮ್ಮಿಂದ ಮುಚ್ಚಿಟ್ಟಿದ್ರು. ಬಲವೆಲ್ಲ ಎಡ ಹಿಮ್ಮಡಿಯಿಂದ ಹುಟ್ಟೋದು. ಅದಕ್ಕೇ ಅವರ ಒದೆ ಹಾಗೆ ಬರ್ತಿತ್ತು. ಇಂಥದ್ದೇ ಎಲ್ಲರ ಷೂಗೂ ಬೇಕು. ನಲವತ್ತೆರಡು. ಅಳತೆ ಕೂದಲೆಳೆಯಷ್ಟೂ ತಪ್ಪಬಾರ್ದು."

ಷೂ ರಿಪೇರಿಯವನು ತನ್ನದೇ ಹೊಲಿಗೆಯನ್ನು ನೋಡಿದ. ಒಳಗೊಳಗೇ ಹೊಟ್ಟೆ ಹುಣ್ಣಾಗುವಷ್ಟು ನಗು ಬಂತು. ಬಾಯಲ್ಲಿ ಮೊಳೆಗಳಿದ್ದವು. ತಲೆಯಾಡಿಸಿದ.

ಮೇಷ್ಟ್ರಿಗೆ ಕೊಟ್ಟ ಮಾತು ಎಂದು ಅವನು ತನಗೆ ತಾನೇ ಹೇಳಿಕೊಂಡ. ಅದು ಅರ್ಧ ನಿಜ. ಇನ್ನರ್ಧ ಏನೆಂದರೆ ಅವನಿಗೆ ಮಜಾ ಬಂದಿತ್ತು. ಮೇಲಿನವರು ದಡ್ಡರು ಎಂದು ಮೂವತ್ತು ವರ್ಷದಿಂದ ಹೇಳುತ್ತ ಬಂದವನಿಗೆ ಆ ದಡ್ಡತನವನ್ನು ಕೈಯಾರೆ ಕೊಯ್ದು, ಉಜ್ಜಿ, ಅಂಟಿಸಿ ಕೊಡುವ ಅವಕಾಶ ಸಿಕ್ಕಿತ್ತು. ಬ್ಯಾಂಕಿನವನು, ವಕೀಲ, ಟೈರ್ ಅಂಗಡಿಯ ಯಜಮಾನ, ಎಲ್ಲರೂ ಏಣಿಯಿಂದ ಬಿದ್ದ ಕಾಲನ್ನು ಹಾಕಿಕೊಂಡು ಓಡಾಡುವುದನ್ನು ಬಾಗಿಲಲ್ಲಿ ಕೂತು ನೋಡುವುದು ಸಣ್ಣ ಸುಖವೇ? ತಾನು ಬಲು ಜಾಣ ಎಂದುಕೊಂಡ. ಅಂಥ ಜಾಣತನಕ್ಕೆ ಬೆಂಕಿ ಬೀಳಲಿ. ಆ ನಲವತ್ತೆರಡರಲ್ಲಿ ಒಂದು ಜೊತೆ ಅವನ ಮಗಳದಾಗಿತ್ತು.

ಮಗಳಿಗೆ ಹತ್ತೊಂಬತ್ತು. ಹಗಲು ಕನ್ನಡಕದ ಅಂಗಡಿಯಲ್ಲಿ ಕೆಲಸ, ಸಂಜೆ ಮೇಲಿನ ಹಾಲ್. ಎಂಟು ವರ್ಷದವಳಿದ್ದಾಗ ಅಪ್ಪನ ಅಂಗಡಿಯಲ್ಲಿ ಕೂತು ಬೇಸರವಾಗಿ ಮೆಟ್ಟಿಲು ಹತ್ತಿ ಹೋದವಳು, ಮತ್ತೆ ಇಳಿದಿರಲಿಲ್ಲ ಎನ್ನಬೇಕು. ಮೇಷ್ಟ್ರು ಇದ್ದಾಗಲೇ ಕಲಿತವಳು. ಮನೆಯಲ್ಲಿ ಲೈಟಿನ ಸ್ವಿಚ್ಚನ್ನು ಕಾಲ ಬೆರಳಿನಿಂದಲೇ ಒತ್ತುತ್ತಿದ್ದಳು, ಅಮ್ಮ ಬೈಯುತ್ತಿದ್ದಳು. ಅವಳ ಚಪ್ಪಾಳೆ ಒದೆಯ ಸದ್ದನ್ನು ಕೆಳಗೆ ಕೂತ ಅಪ್ಪ ನಲವತ್ತರ ನಡುವೆ ಗುರುತು ಹಿಡಿಯುತ್ತಿದ್ದ. ಒಣಗಿದ ಕಡ್ಡಿ ಮುರಿದ ಹಾಗೆ, ಒಂದೇ ಸಲ, ಚೊಕ್ಕವಾಗಿ. ಆಗ ಅವನು ಸುತ್ತಿಗೆ ನಿಲ್ಲಿಸಿ ಕೇಳುತ್ತಿದ್ದ. ಈ ಲೋಕದಲ್ಲಿ ಅವನು ಹೀಗಳೆಯದೆ ಇದ್ದ ವಸ್ತುಗಳಲ್ಲಿ ಅದೊಂದು.

ಅವಳಿಗೆ ಬೇಕಿದ್ದದ್ದು ಒಂದೇ. ಬೆಳಗಿನ ಹೊತ್ತು ಚಿಕ್ಕಮಕ್ಕಳ ಕ್ಲಾಸಿಗೆ ಅವಳು ಟೀಚರ್ ಆಗಬೇಕು. ಅದಕ್ಕೆ ಹಿರಿಯಣ್ಣ ನಡೆಸುವ ಪರೀಕ್ಷೆ ಪಾಸಾಗಬೇಕು.

ಅವಳ ಷೂಗೆ ಬೆಣೆ ಹಾಕುವ ದಿನ ಅವನ ಕೈ ತಡೆಯಿತು. ಹಾಕದಿದ್ದರೆ ಯಾಕೆಂದು ಕೇಳುತ್ತಾಳೆ. ಹೇಳಿದರೆ ಸುಮ್ಮನಿರುವ ಪೈಕಿಯವಳಲ್ಲ, ನೇರ ಮೇಲೆ ಹೋಗಿ ಎಲ್ಲರ ಎದುರು ಹೇಳುತ್ತಾಳೆ. ಆಮೇಲೆ ಮೇಷ್ಟ್ರ ಮಾತೂ ಹೋಯಿತು, ಮಜಾನೂ ಹೋಯಿತು. ಅವನು ಒಂದು ಉಪಾಯ ಮಾಡಿದ. ಉಳಿದವರ ಬೆಣೆಯ ಅರ್ಧ ದಪ್ಪಕ್ಕೆ ಉಜ್ಜಿ ಹಾಕಿದ. ಹೇಡಿತನಕ್ಕೂ ಒಂದು ಅಳತೆ ಇರುತ್ತದೆ, ಅವನದು ಅರ್ಧ ಬೆರಳು. ವಾರದೊಳಗೆ ಹಿರಿಯಣ್ಣ ಸ್ಕೇಲ್ ಹಿಡಿದು ಎಲ್ಲರ ಷೂ ಅಳೆದ. ಮಗಳು ಷೂ ಹಿಡಿದುಕೊಂಡು ಕೆಳಗೆ ಬಂದಳು.

"ಅಪ್ಪ, ನಂದು ಮಾತ್ರ ಕಮ್ಮಿ ಇದೆಯಂತೆ. ಸರಿ ಮಾಡಿಕೊಡು."

ಅವನು ಬೆಣೆ ಕಿತ್ತು, ಪೂರ್ತಿ ದಪ್ಪದ್ದು ಹಾಕಿಕೊಟ್ಟ.

ಎರಡು ವರ್ಷ ಅವಳು ಅದರ ಮೇಲೆ ನಿಂತಳು. ಬಲಗಾಲು ಬೀಸುವಾಗಲೆಲ್ಲ ಎಡಗಾಲು ಎತ್ತರದ ಹಿಮ್ಮಡಿಯ ಮೇಲೆ ಮುಂದಕ್ಕೆ ವಾಲುತ್ತಿತ್ತು, ಮಂಡಿ ಆ ಭಾರವನ್ನು ಹಿಡಿಯುತ್ತಿತ್ತು. ಹಾರಿ ಹೊಡೆಯುವ ಒದೆಯಲ್ಲಿ ಇಳಿಯುವುದೂ ಎಡಗಾಲಿನ ಮೇಲೆಯೇ. ಉಳಿದವರಿಗೆ ಏನೂ ಆಗಲಿಲ್ಲ. ಯಾಕೆಂದರೆ ಅವರು ಹಾರುತ್ತಲೇ ಇರಲಿಲ್ಲ, ತೊಡೆ ತಟ್ಟಿಕೊಂಡು ಮನೆಗೆ ಹೋಗುತ್ತಿದ್ದರು. ನಿಜವಾಗಿ ದುಡಿದವಳ ಮಂಡಿಗೆ ಪೆಟ್ಟು ಬಿತ್ತು.

ಅಪ್ಪನಿಗೆ ಮೊದಲು ಗೊತ್ತಾದದ್ದು ಷೂವಿನಿಂದಲೇ. ಎಡ ಅಟ್ಟೆಯ ಒಳ ಅಂಚು ಸವೆಯತೊಡಗಿತ್ತು. ಅವನು ಅದನ್ನು ತಿರುವಿ ನೋಡಿ, ಹೊಸ ಅಟ್ಟೆ ಹಚ್ಚಿ, ಸವೆದದ್ದನ್ನು ಕಸದ ಡಬ್ಬಿಗೆ ಹಾಕಿದ. ಆಮೇಲೆ ಅವಳು ಮೆಟ್ಟಿಲನ್ನು ಅಡ್ಡಡ್ಡವಾಗಿ ಇಳಿಯತೊಡಗಿದಳು. ಪರೀಕ್ಷೆಗೆ ಎಂಟು ದಿನ ಇರುವಾಗ ಮಂಡಿ ಊದಿ ಪ್ಯಾಂಟ್ ಏರಿಸಲಾಗಲಿಲ್ಲ. ಡಾಕ್ಟರು ಒತ್ತಿ ನೋಡಿ, ಇದೇ ಕಾಲಿನ ಮೇಲೆ ಇನ್ನು ನಾಲ್ಕು ಸಲ ಹಾರಿ ಇಳಿದರೆ ಆಮೇಲೆ ಹಾರುವ ಮಾತೇ ಇಲ್ಲ ಎಂದರು. ಪರೀಕ್ಷೆಯಲ್ಲಿ ಹಾರು ಒದೆ ಆರು ಇರುತ್ತದೆ ಎಂದು ಅವಳು ಲೆಕ್ಕ ಹೇಳಿದಳು. ಡಾಕ್ಟರು ತಲೆ ಚಚ್ಚಿಕೊಳ್ಳುವುದೊಂದು ಬಾಕಿ.

ಮನೆಯಲ್ಲಿ ಹೆಂಡತಿ ಇಸ್ತ್ರಿ ಬಟ್ಟೆಯ ಗಂಟನ್ನು ನೆಲಕ್ಕೆ ಇಟ್ಟು ಗಂಡನ ಎದುರು ಕೂತಳು.

"ಊರವರ ಅಟ್ಟೆ ನೋಡಿ ಜಾತಕ ಹೇಳ್ತೀರಲ್ಲ. ಮಗಳ ಕಾಲಿಗೆ ಏನಾಗಿದೆ, ಹೇಳಿ."

"ಸರಿ ಹೋಗುತ್ತೆ ಬಿಡು."

"ನನ್ನ ಮುಖ ನೋಡಿ ಹೇಳಿ."

ಅವನು ನೋಡಲಿಲ್ಲ. ಆ ವಾರವೆಲ್ಲ ಆಕೆ ಅವನ ತಟ್ಟೆಯನ್ನು ಕೈಗೆ ಕೊಡದೆ ನೆಲದ ಮೇಲಿಟ್ಟು ಹೋದಳು.

ಪರೀಕ್ಷೆಯ ದಿನ ಬೆಳಗ್ಗೆ ಒಂಬತ್ತಕ್ಕೆ ಅವನು ಅಂಗಡಿಯ ಬಾಗಿಲು ಎಳೆದು ಮೆಟ್ಟಿಲು ಹತ್ತಿದ. ಮೇಷ್ಟ್ರು ಹೋದ ಮೇಲೆ ಅವನು ಮೇಲೆ ಹೋಗಿರಲಿಲ್ಲ. ಒಂದು ಗೋಡೆಗೆ ಪೂರ್ತಿ ಕನ್ನಡಿ. ನೆಲದ ಮೇಲೆ ಬಳಿದ ಬಿಳಿ ಪಾದದ ಗುರುತುಗಳು, ಎಡಪಾದಗಳಿಗೆ ಮಾತ್ರ ಹಿಮ್ಮಡಿಯಲ್ಲಿ ಕೆಂಪು ಚುಕ್ಕೆ. ಫೋಟೋದ ಕೆಳಗೆ ಗಾಜಿನ ಪೆಟ್ಟಿಗೆ, ಅದರೊಳಗೆ ಮೇಷ್ಟ್ರ ಎಡ ಷೂ. ಬಲಗಾಲಿನದನ್ನು ಯಾರೂ ಲೆಕ್ಕಕ್ಕೆ ತೆಗೆದುಕೊಂಡಿರಲಿಲ್ಲ. ನಲವತ್ತು ಜನ ಬಿಲ್ಲು ನಿಲುವಿನಲ್ಲಿ ಸಾಲಾಗಿ ನಿಂತಿದ್ದರು, ಗಾಳಿಗೆ ಬಾಗಿದ ಬೇಲಿಯ ಹಾಗೆ ಎಲ್ಲರೂ ಒಂದೇ ಕಡೆಗೆ ಸೊಟ್ಟ. ಮೂರನೆಯ ಸಾಲಿನಲ್ಲಿ ಮಗಳು. ಮಂಡಿಗೆ ಬಿಗಿಯಾಗಿ ಪಟ್ಟಿ ಸುತ್ತಿಕೊಂಡಿದ್ದಳು.

"ನಿಲ್ಲಿಸಿ. ಒಂದು ಮಾತು ಹೇಳೋದಿದೆ" ಎಂದ ಅವನು. ಬಾಯಲ್ಲಿ ಮೊಳೆಯಿಲ್ಲದೆ ಮಾತಾಡಿ ಅಭ್ಯಾಸವಿಲ್ಲದೆ ದನಿ ಒಡೆಯಿತು. "ಆ ಬೆಣೆಲಿ ಯಾವ ರಹಸ್ಯನೂ ಇಲ್ಲ. ಮೇಷ್ಟ್ರು ಟ್ಯಾಂಕ್ ತೊಳೆಯೋಕೆ ಹೋಗಿ ಏಣಿಯಿಂದ ಬಿದ್ದಿದ್ರು. ಕಾಲು ಮುರಿದಿತ್ತು. ಹಿಮ್ಮಡಿ ನೆಲಕ್ಕೆ ಬರ್ತಿರಲಿಲ್ಲ. ಅದನ್ನ ಮುಚ್ಚೋಕೆ ಬೆಣೆ ಮಾಡಿಕೊಟ್ಟವನು ನಾನೇ."

ಹಿರಿಯಣ್ಣ ಕಣ್ಣು ಮುಚ್ಚಿದ. ಈಗ ಇವನ ಮುಖವಾಡ ಕಳಚಿತು ಎಂದುಕೊಂಡ ಷೂ ರಿಪೇರಿಯವನು. ಹಿರಿಯಣ್ಣ ಕಣ್ಣು ತೆರೆದಾಗ ಅವು ಒದ್ದೆಯಾಗಿದ್ದವು.

"ಕೇಳಿದ್ರಾ ಎಲ್ಲರೂ? ಗುರುಗಳ ಕಾಲು ಮುರಿದಿತ್ತು. ಮುರಿದ ಕಾಲಲ್ಲೇ ಅವರಿಗೆ ಈ ಸತ್ಯ ಕಂಡಿದ್ದು."

"ಸತ್ಯ ಅಲ್ಲ ಮಾರಾಯ್ರೇ, ಕೀಲು ಬಿಗಿದಿತ್ತು. ತಂಗಿ ಮನೇಲಿ ಮಲಗಿದ್ರು."

"ಗುಡ್ಡಕ್ಕಿಂತ ದೊಡ್ಡ ಏಕಾಂತ ಅದು. ಅಣ್ಣಾ, ನಿಮಗೆ ಅವರು ಪೂರ್ತಿ ಹೇಳಿಲ್ಲ. ಹೇಳಿದ್ರೆ ನೀವು ಯಾರಿಗಾದ್ರೂ ಹೇಳ್ತಿದ್ರಿ. ಅದಕ್ಕೇ ನೋವಿನ ನೆಪ ಹೇಳಿ ನಿಮ್ಮ ಕೈಯಿಂದ ಮಾಡಿಸಿದ್ರು."

ಬ್ಯಾಂಕಿನವನು ಮೂಗು ಒರೆಸಿಕೊಂಡ. ವಕೀಲ ಚಪ್ಪಾಳೆ ತಟ್ಟಿದ, ಉಳಿದವರೂ ತಟ್ಟಿದರು. ಟೈರ್ ಅಂಗಡಿಯ ಯಜಮಾನ ಒಂದು ಕುರ್ಚಿ ತಂದು ಮುಂದಿನ ಸಾಲಿನಲ್ಲಿಟ್ಟು, ಬೆಣೆ ಕೊಟ್ಟ ಮಹಾನುಭಾವರು ಕೂರಬೇಕು ಎಂದ. ಇಂಥವರಿಗೆ ಏನು ಹೇಳುವುದು? ಬೆಂಕಿ ಸುಡುತ್ತದೆ ಎಂದರೆ ಅದರಲ್ಲೂ ಒಂದು ಪಾಠ ಹುಡುಕಿ ಕೈಯಿಡುವ ಜನ. ಷೂ ರಿಪೇರಿಯವನು ಆ ಕುರ್ಚಿಯ ಮೇಲೆ ಕೂತುಬಿಟ್ಟ.

ಚಪ್ಪಾಳೆ ತಟ್ಟದೆ ನಿಂತಿದ್ದವಳು ಒಬ್ಬಳೇ.

"ಅಪ್ಪ" ಎಂದಳು ಮಗಳು, ಮೂರನೆಯ ಸಾಲಿನಿಂದಲೇ. "ನಿಂಗೆ ಇದು ಯಾವಾಗಿಂದ ಗೊತ್ತಿತ್ತು?"

"ಮೊದಲಿಂದ."

"ನನ್ನ ಷೂಗೆ ಹಾಕುವಾಗ?"

"ಗೊತ್ತಿತ್ತು."

"ಕಮ್ಮಿ ಇದೆ ಅಂತ ನಾನು ವಾಪಸ್ ತಂದೆನಲ್ಲ, ಆವಾಗ?"

ಅವನಿಗೆ ಮೇಷ್ಟ್ರಿಗೆ ಕೊಟ್ಟ ಮಾತು ನೆನಪಾಯಿತು. ಎಷ್ಟು ದೊಡ್ಡ ಮಾತಾಗಿತ್ತು ಅದು ನಿನ್ನೆಯವರೆಗೂ. ಈಗ ಅದನ್ನು ಹೇಳಲು ಹೋಗದೆ, ಹೌದೆಂದು ತಲೆಯಾಡಿಸಿದ.

ಅವಳು ಬಗ್ಗಿ ಎರಡೂ ಷೂ ಬಿಚ್ಚಿದಳು. ಎಡ ಷೂವಿನ ಒಳ ಅಟ್ಟೆಯನ್ನು ಉಗುರಿನಿಂದ ಎಬ್ಬಿಸಿ, ಬೆಣೆ ಕಿತ್ತು, ಕುಂಟುತ್ತ ಬಂದು ಅಪ್ಪನ ತೊಡೆಯ ಮೇಲೆ ಇಟ್ಟಳು. ಆಮೇಲೆ ಬರಿಗಾಲಲ್ಲಿ ಹಾಲಿನ ನಡುವೆ ಹೋಗಿ ಬಿಲ್ಲು ನಿಲುವಿಗೆ ಇಳಿದಳು. ನೋವಿಗೆ ಹಲ್ಲು ಕಚ್ಚಿಕೊಂಡಿದ್ದಳು, ಆದರೆ ಹಿಮ್ಮಡಿ ನೆಲಕ್ಕೆ ಊರಿತ್ತು, ಮೇಷ್ಟ್ರು ಅವಳಿಗೆ ಮೊದಲ ದಿನ ಕಲಿಸಿದ ಹಾಗೆ. ಹಿಂದಿದ್ದ ಎಡಗಾಲು ಮೇಲೆದ್ದಿತು. ಛಟೀರ್. ಹಾರಲಿಲ್ಲ, ಬಲಗಾಲಿನ ಮೇಲೆ ಭದ್ರವಾಗಿ ನಿಂತು, ಸದ್ದಿಲ್ಲದೆ ಕಾಲು ಇಳಿಸಿದಳು.

"ಹಿಮ್ಮಡಿ ಎತ್ತಿರಲಿಲ್ಲ, ಹಾರಲೂ ಇಲ್ಲ. ಫೇಲ್" ಎಂದು ಹಿರಿಯಣ್ಣ ಪುಸ್ತಕದಲ್ಲಿ ಬರೆದುಕೊಂಡ.

ಅವಳು ಷೂಗಳನ್ನು ಕೈಯಲ್ಲಿ ಹಿಡಿದು ಮೆಟ್ಟಿಲಿಳಿದಳು. ಅಪ್ಪ ಹಿಂದೆಯೇ ಓಡಿ ಹೋಗಿ ತೋಳು ಹಿಡಿಯಲು ನೋಡಿದ. ಅವಳು ಮೆಟ್ಟಿಲಿನ ಕಂಬಿ ಹಿಡಿದುಕೊಂಡಳು.

ಮಂಡಿ ಸರಿಹೋಗಲು ಏಳು ತಿಂಗಳು ಬೇಕಾಯಿತು, ಅದೂ ಪೂರ್ತಿಯಲ್ಲ. ಹಾರುವ ಒದೆ ಇನ್ನಿಲ್ಲ ಎಂದರು ಡಾಕ್ಟರು. ಷೂ ರಿಪೇರಿಯವನು ಬೆಣೆ ಕೊಯ್ಯುವುದನ್ನು ನಿಲ್ಲಿಸಿದ. ಹಾಲ್‌ನವರಿಗೆ ಅದರಿಂದ ನಷ್ಟವೇನೂ ಆಗಲಿಲ್ಲ, ಯಾವುದೋ ಕಾರ್ಖಾನೆಯಿಂದ ಪ್ಲಾಸ್ಟಿಕ್ಕಿನದನ್ನು ತರಿಸಿಕೊಂಡರು. ಈಗ ಪ್ರತಿ ಹೊಸ ಶಿಷ್ಯನಿಗೂ ಮುರಿದ ಕಾಲಿನ ಕಥೆ ಹೇಳುತ್ತಾರಂತೆ. ಅದರಲ್ಲಿ ಏನೂ ಅರ್ಥವಾಗದ ಒಬ್ಬ ಷೂ ರಿಪೇರಿಯವನೂ ಬರುತ್ತಾನಂತೆ.

ಮಗಳು ಲಾಂಡ್ರಿಯ ಹಿಂದಿನ ಅಂಗಳದಲ್ಲಿ, ಬಟ್ಟೆ ಒಣಗಿಸುವ ತಂತಿಗಳ ನಡುವೆ, ಏಳು ಮಕ್ಕಳಿಗೆ ನಿಲುವು ಕಲಿಸುತ್ತಾಳೆ. ಎಲ್ಲರೂ ಬರಿಗಾಲು. ಮನೆಯಲ್ಲಿ ಅಪ್ಪನ ಜೊತೆ ಮಾತು ಬಿಟ್ಟಿಲ್ಲ. ಉಪ್ಪು ಕೊಡು ಎಂದರೆ ಕೊಡುತ್ತಾಳೆ, ಜ್ವರ ಬಂದರೆ ಮಾತ್ರೆ ತಂದಿಡುತ್ತಾಳೆ.

ಒಂದು ಬೆಳಗ್ಗೆ ಹೆಂಡತಿ ಮರೆತುಹೋದ ಬೀಗದ ಕೈ ಕೊಡಲು ಅವನು ಆ ಅಂಗಳಕ್ಕೆ ಹೋದ. ಗೋಡೆಯ ಪಕ್ಕ ಷೂಗಳು ಸಾಲಾಗಿದ್ದವು. ಕೊನೆಯಲ್ಲಿ ಮಗಳದು. ಹೊಸ ಅಟ್ಟೆ ಹಾಕಿಸಿದ್ದಳು. ಅವನು ಹಾಕಿದ್ದಲ್ಲ. ಬಸ್ ನಿಲ್ದಾಣದ ಬಳಿ ಕೂರುವವನ ಕೆಲಸ ಎಂದು ಹತ್ತು ಹೆಜ್ಜೆ ದೂರದಿಂದಲೇ ಗೊತ್ತಾಯಿತು. ಅಂಟಿನ ಸೊಲ್ಯೂಷನ್ ಅಂಚಿನಿಂದ ಒಸರಿತ್ತು, ಹೊಲಿಗೆ ಹಾವಿನಂತೆ ಓಡಿತ್ತು, ಒಂದು ಮೊಳೆಯ ತಲೆ ಹೊರಗೇ ಇತ್ತು. ತಿಂಗಳೂ ಬಾಳುವುದಿಲ್ಲ. ಅವನು ಕೂತು ಷೂ ಎತ್ತಿಕೊಂಡು ಆ ಮೊಳೆಯನ್ನು ಹೆಬ್ಬೆರಳಿನಿಂದ ಒತ್ತತೊಡಗಿದ.

ಮಗಳು ಮಕ್ಕಳನ್ನು ಕುದುರೆ ನಿಲುವಿನಲ್ಲೇ ಬಿಟ್ಟು ಬಂದಳು. ಅವನ ಕೈಯಿಂದ ಷೂವನ್ನು ಮೆಲ್ಲಗೆ ತೆಗೆದುಕೊಂಡು, ಇದ್ದ ಜಾಗದಲ್ಲೇ ಇಟ್ಟಳು.

"ಬಿಡಪ್ಪ, ಹಂಗೇ ಇರ್ಲಿ. ಅವನು ಕೆಟ್ಟದಾಗಿ ಹೊಲಿತಾನೆ ಅಂತ ನಂಗೂ ಗೊತ್ತು. ಆದ್ರೆ ಒಳಗೆ ಏನೂ ಇಟ್ಟಿರಲ್ಲ."